ನಂಜಮ್ಮನ ಪುಟಕ್ಕೆ ಹಾಕಿದ ಜರಡಿ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮ್ಮ ಊರಿನಲ್ಲಿ ನಡೆಯುವುದಿಲ್ಲ. ಇಲ್ಲಿ ಮನೆಯ ಸೂರಿನ ಕೆಳಗೆ ಆಡಿದ ಮಾತೆಲ್ಲ ಮಾರನೆಯ ಬೆಳಿಗ್ಗೆ ಆ ಮನೆಯ ಪುಟದಲ್ಲಿ ಬಂದು ಕೂತಿರುತ್ತದೆ. ಪುರಸಭೆಯ ವೆಬ್‌ಸೈಟಿನಲ್ಲಿ ಪ್ರತಿ ಮನೆಗೂ ಒಂದೊಂದು ಪುಟ. ಆಡಿದವರ ಹೆಸರು, ಪಕ್ಕದಲ್ಲಿ ಅವರಾಡಿದ ಮಾತು, ಕೆಳಗೆ ಉತ್ತರ ಕೊಟ್ಟವರ ಹೆಸರು, ಅವರ ಮಾತು. ಯಾರೂ ಬರೆದಿಡುವುದಿಲ್ಲ, ಯಾರೂ ಕದ್ದು ಕೇಳುವುದಿಲ್ಲ, ಕೋಳಿ ಕೂಗುವ ಹೊತ್ತಿಗೆ ಪುಟ ತುಂಬಿರುತ್ತದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ನಮ್ಮಲ್ಲಿ ಅದು ಎದ್ದು ಹಲ್ಲುಜ್ಜಿದ ಮೇಲೆ ಇನ್ನೊಂದು ಸಲ ನಡೆಯುತ್ತದೆ, ಅದೂ ಬೀದಿಯವರ ಸಮೇತ.

ಹಾಗೆಂದು ಊರೇನು ಬಾಯಿಗೆ ಬೀಗ ಹಾಕಿಕೊಂಡು ಕೂತಿಲ್ಲ. ಗುಟ್ಟಿನ ಮಾತಿದ್ದರೆ ಅಂಗಳಕ್ಕೆ ಬರುತ್ತಾರೆ. ಮಳೆಗಾಲದಲ್ಲಿ ಮಾತ್ರ ತಾಪತ್ರಯ. ಕೊಡೆಯನ್ನೂ ಸೂರು ಎನ್ನಬಹುದೋ ಇಲ್ಲವೋ ಎಂದು ಒಂದು ಕಾಲದಲ್ಲಿ ದೊಡ್ಡ ವಾದವೇ ನಡೆದಿತ್ತು. ಯಾರೋ ಹೆಂಗಸು ಕೊಡೆಯ ಕೆಳಗೆ ನಿಂತು ನಾದಿನಿಯ ಬಗ್ಗೆ ಆಡಿದ್ದು ಅವಳ ಮನೆಯ ಪುಟದಲ್ಲಿ ಚಾಚೂ ತಪ್ಪದೆ ಬಂದ ಮೇಲೆ ವಾದ ನಿಂತಿತು. ಈಗ ಜನ ಮಳೆಯಲ್ಲಿ ನೆನೆಯುತ್ತಲೇ ಗುಟ್ಟು ಹೇಳಿಕೊಳ್ಳುತ್ತಾರೆ. ಆಷಾಢದಲ್ಲಿ ಯಾರಿಗಾದರೂ ನೆಗಡಿಯಾದರೆ ನಾವು ಔಷಧಿ ಹೇಳುವುದಿಲ್ಲ, ಏನಪ್ಪಾ ವಿಷಯ ಎಂದು ಕೇಳುತ್ತೇವೆ.

ನೆನೆಯಲು ಇಷ್ಟವಿಲ್ಲದವರು ನನ್ನ ಹತ್ತಿರ ಬರುತ್ತಾರೆ. ನಾನು ಪುಟಗಳಿಗೆ ಫಿಲ್ಟರ್ ಬರೆಯುವವಳು. ಪುಟದ ಚೌಕಟ್ಟು ಇಡೀ ಊರಿಗೆ ಒಂದೇ. ಅದರಲ್ಲಿ ಮಾತು ಬಂದು ಕೂರುವ ಜಾಗದ ಪಕ್ಕ ಒಂದು ನೆಟ್ಟನೆಯ ಗೆರೆ ಎಳೆದು ಫಿಲ್ಟರಿನ ಹೆಸರು ಬರೆದರೆ, ಮಾತು ಅದರೊಳಗೆ ಹಾದು ಆಮೇಲೆ ಕಣ್ಣಿಗೆ ಕಾಣುತ್ತದೆ. ಚೌಕಟ್ಟಿನ ಜೊತೆಗೇ ಬಂದ ಫಿಲ್ಟರುಗಳೂ ಇವೆ. ಉದ್ದದ ಮಾತನ್ನು ಮೊಟಕು ಮಾಡುವುದು, ತಾರೀಖನ್ನು ಚೆಂದ ಮಾಡಿ ತೋರಿಸುವುದು, ಇಂಥವು. ಅವು ಸಿದ್ಧ ಉಡುಪಿನ ಹಾಗೆ, ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ. ಒಂದೊಂದು ಮನೆಯ ಬಾಯಿ ಒಂದೊಂದು ತರಹ, ಅಳತೆ ಕೊಟ್ಟೇ ಹೊಲಿಸಿಕೊಳ್ಳಬೇಕು. ನಾನು ಅಳತೆ ತೆಗೆದು ಫಂಕ್ಷನ್ ಬರೆಯುತ್ತೇನೆ, ಅದಕ್ಕೊಂದು ಹೆಸರಿಟ್ಟು ಪುರಸಭೆಯ ಸರ್ವರಿನಲ್ಲಿ ನೋಂದಾಯಿಸುತ್ತೇನೆ, ಆ ಮನೆಯ ಪುಟಕ್ಕೆ ಜೋಡಿಸುತ್ತೇನೆ. ಹೆಡ್‌ಮಾಸ್ತರರ ಮನೆಗೆ ನಿದ್ದೆಯಲ್ಲಿ ಆಡಿದ ಮಾತು ಬಿಟ್ಟುಹೋಗುವಂಥದ್ದು ಬರೆದುಕೊಟ್ಟೆ. ದಿನಸಿ ಅಂಗಡಿಯ ಅಣ್ಣತಮ್ಮಂದಿರ ಮನೆಗೆ, ಇಬ್ಬರೂ ಒಟ್ಟಿಗೆ ಕೂಗಾಡಿದರೆ ಇಬ್ಬರದೂ ಕಾಣದ ಹಾಗೆ ಬರೆದುಕೊಟ್ಟೆ. ಮೂಲ ಮಾತು ಎಲ್ಲಿಗೂ ಹೋಗುವುದಿಲ್ಲ, ಸರ್ವರಿನಲ್ಲಿ ಹಾಗೇ ಇರುತ್ತದೆ. ಕಾಣುವುದು ಬದಲಾಗುತ್ತದೆ, ಅಷ್ಟೆ.

ಫಿಲ್ಟರ್ ಎಂಬ ಮಾತು ನಾಲಿಗೆಗೆ ಒಗ್ಗದೆ ಜನ ಅದನ್ನು ಜರಡಿ ಎಂದರು. ನಾನು ಜರಡಿ ಜಯಕ್ಕನಾದೆ. ಈ ಕಸುಬಿಗೆ ಪುರಸಭೆ ಇಟ್ಟಿರುವ ಕಟ್ಟಳೆ ಒಂದೇ: ಜರಡಿ ಕಳೆಯಬಹುದು, ಕೂಡಿಸಬಾರದು. ಹಿಂದೆ ಯಾರೋ ಒಬ್ಬ ತನ್ನ ಮನೆಯ ಪುಟದಲ್ಲಿ ಹೆಂಡತಿಯ ಹೆಸರಿನ ಮುಂದೆ ತನ್ನದೇ ಹೊಗಳಿಕೆ ಸೇರಿಸಿಕೊಂಡಿದ್ದನಂತೆ. ಹೆಂಡತಿಯೇ ಹೋಗಿ ದೂರು ಕೊಟ್ಟಳಂತೆ. ನಾನು ಆ ಕಟ್ಟಳೆ ಮೀರಿದವಳಲ್ಲ, ಮೀರಬೇಕಾದ ಅಗತ್ಯವೂ ನನಗೆ ಬಿದ್ದಿಲ್ಲ. ಜಂಬ ಎಂದರೆ ಎನ್ನಿ, ನನ್ನ ಜರಡಿಗಳಿಲ್ಲದಿದ್ದರೆ ಈ ಊರಿನ ಅರ್ಧ ಜನ ಇನ್ನರ್ಧ ಜನರ ಮುಖ ನೋಡುತ್ತಿರಲಿಲ್ಲ.

ಅಮಾವಾಸ್ಯೆಗೆ ಸ್ವಲ್ಪ ಮುಂಚೆ ಹಿಂದಿನ ಬೀದಿಯ ನಂಜಮ್ಮ ತನ್ನ ಮಗಳು ಕುಸುಮಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ, ಅಂಗಳದಲ್ಲೇ ನಿಂತಳು. ಕುಸುಮ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿ. ಬೇಕರಿಯ ಧನಂಜಯ ಕಣ್ಣು ನೆಟ್ಟಗಿದ್ದರೂ ತಿಂಗಳು ತಿಂಗಳು ಬಂದು ಅವಳ ಮುಂದೆ ಅಕ್ಷರ ಓದಿ ಹೋಗುತ್ತಿದ್ದ. ಅದು ಮದುವೆಯ ಮಾತಿನ ತನಕ ಬಂದಿತ್ತು. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವಿಲ್ಲ, ಪುಟ ನೋಡುವ ಶಾಸ್ತ್ರ. ಅಮಾವಾಸ್ಯೆಯಿಂದ ಹುಣ್ಣಿಮೆಯ ತನಕ ಎರಡೂ ಕಡೆಯವರು ಒಬ್ಬರ ಪುಟವನ್ನು ಇನ್ನೊಬ್ಬರು ಓದುತ್ತಾರೆ. ಕಡೆಗೆ ತಮ್ಮ ತಮ್ಮ ಮನೆಯಲ್ಲಿ ಕೂತು ಒಂದು ಮಾತಿಗೆ ಬರುತ್ತಾರೆ. ಅದು ಮಾರನೆಯ ದಿನ ಅವರ ಪುಟದಲ್ಲಿ ಬಂದೇ ಬರುತ್ತದಲ್ಲ, ಬೇರೆ ಹೇಳಿಕಳಿಸಬೇಕಾಗಿಲ್ಲ.

"ಜಯಾ, ನನ್ ಬಾಯಿ ನಿಂಗೆ ಗೊತ್ತೇ ಐತೆ," ಎಂದಳು ನಂಜಮ್ಮ.

"ಗೊತ್ತಿಲ್ದೆ ಏನ್ ನಂಜಕ್ಕ, ಇಡೀ ಊರಿಗೇ ಗೊತ್ತು."

"ನಗಬ್ಯಾಡ ಕಣೆ. ಆ ಹುಡುಗನ ದೊಡ್ಡಮ್ಮ ಕಮಲಾಕ್ಷಮ್ಮ ಅಂತ, ಆಯಮ್ಮನ ಮನೆ ಪುಟ ನೋಡಿದೀಯಾ? ಎಂಗೈತೆ ಅಂದ್ರೆ, ಊಟಕ್ಕೆ ಬಾ, ಬಂದೆ, ಉಪ್ಪು ಸಾಕಾ, ಸಾಕು. ಅಷ್ಟೇ. ಒಂದು ಕೆಟ್ಟ ಮಾತಿಲ್ಲ. ಅಂಥವರು ನನ್ ಪುಟ ಓದಿದ್ರೆ ಹುಡ್ಗೀನ ಮಾಡ್ಕೊಂತಾರಾ?"

ನಂಜಮ್ಮನ ಪುಟವನ್ನು ಊರು ಟೀ ಅಂಗಡಿಯಲ್ಲಿ ಕೂತು ಪೇಪರಿನ ಹಾಗೆ ಓದುತ್ತಿತ್ತು ಎಂಬುದು ನಿಜ. ಮನೆಯಲ್ಲಿ ಇರುವವರು ಮೂರೇ ಜನ. ಅವಳು, ಮಗಳು, ಮೋಟರಿಗೆ ತಂತಿ ಸುತ್ತುವ ಕೆಲಸದ ಗಂಡ ಮರಿಯಣ್ಣ. ಆ ಮನುಷ್ಯ ಮಾತಿಗೆ ಹೂಂ ಎನ್ನುವುದನ್ನು ಬಿಟ್ಟರೆ ಇನ್ನೇನೂ ಕಲಿತಿಲ್ಲ. ನಂಜಮ್ಮ ಮೂರು ಜನರ ಮಾತನ್ನೂ ತಾನೊಬ್ಬಳೇ ಆಡುತ್ತಿದ್ದಳು, ಅದರ ತುಂಬ ಬೈಗುಳ. ಬೆಕ್ಕಿಗೂ ಬೈಗುಳ, ಗ್ಯಾಸ್ ಸಿಲಿಂಡರಿಗೂ ಬೈಗುಳ.

"ಧನಂಜಯಂಗೆ ಎಲ್ಲಾ ಗೊತ್ತು ಜಯಕ್ಕ," ಎಂದಳು ಕುಸುಮ. "ಅವ್ನಿಗೆ ಅಮ್ಮನ ಬೈಗುಳ ಅಂದ್ರೆ ಇಷ್ಟಾನೇ. ಆದ್ರೆ ಅವ್ರ ದೊಡ್ಡಮ್ಮ ಬೇಡ ಅಂದ್ರೆ ಅವ್ನು ಮುಂದುವರಿಯಲ್ಲ. ಅವ್ರೇ ಸಾಕಿದ್ದು ಅವನ್ನ. ನಾನೂ ಅವ್ರಿಗೆ ನೋವು ಮಾಡಿ ಹೋಗಲ್ಲ. ನಂಗೆ ಈ ಮದುವೆ ಆಗ್ಬೇಕು ಜಯಕ್ಕ, ಬೇರೆಯವರು ಬೇಡ." ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ. ಕನ್ನಡಕದ ಪವರ್ ಹೇಳಿದಷ್ಟು ನೆಟ್ಟಗೆ ಹೇಳಿದಳು. ನನಗೆ ಆ ಹುಡುಗಿ ಇಷ್ಟವಾದಳು.

"ಆಗುತ್ತೆ ಬಿಡು," ಎಂದೆ.

ಅಂಗಳದಲ್ಲೇ ಅಳತೆ ತೆಗೆದೆ. ಬೈಗುಳಗಳನ್ನು ಒಂದೊಂದಾಗಿ ಹೇಳು ಎಂದರೆ ನಂಜಮ್ಮ ಹೊಸ ಮದುಮಗಳ ಹಾಗೆ ನಾಚಿಕೊಂಡಳು. ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ, "ಮನೆ ಕಾಯೋಗ," ಎಂದಳು. ಆಮೇಲೆ, "ಬಾಯಿಗೆ ಮಣ್ ಬೀಳ." ಹೀಗೆ ಒಂದೊಂದಕ್ಕೂ ಬಾಯಿ ಬಿಡಿಸಬೇಕಾಯಿತು. ನಾನು ಅವನ್ನೆಲ್ಲ ಸೇರಿಸಿ ಫಂಕ್ಷನ್ ಬರೆದೆ. ಮಾತಿನಲ್ಲಿ ಎಲ್ಲಿ ಬೈಗುಳ ಸಿಕ್ಕರೂ ಅಷ್ಟು ಭಾಗವನ್ನು ತೆಗೆದು ಚುಕ್ಕಿ ಇಡುವ ಫಿಲ್ಟರ್. ಚುಕ್ಕಿ ಕೂಡಿಸಿದ್ದಲ್ಲವೇ ಎಂದು ಯಾರೋ ಕೇಳಿದ್ದುಂಟು. ಚುಕ್ಕಿ ಮಾತಲ್ಲ ಎಂದು ಪುರಸಭೆಯೇ ಹೇಳಿದೆ.

ಮಾರನೆಯ ಬೆಳಿಗ್ಗೆ ನಂಜಮ್ಮ ಮತ್ತೆ ಬಂದಳು. "ಏನೇ ಇದು, ಪುಟದ ತುಂಬಾ ರಂಗೋಲಿ ಇಟ್ಟಂಗೆ ಇಟ್ಟಿದೀಯಾ! ಚುಕ್ಕಿ ನೋಡಿದ್ರೆ ಜನ ಇನ್ನೂ ಕೆಟ್ಟದ್ದೇ ಊಹೆ ಮಾಡ್ಕೊಂತಾರೆ." ಅವಳ ಮಾತು ಸರಿ ಎನಿಸಿತು. ಮೊದಲನೆಯದರ ಬೆನ್ನಿಗೆ ಇನ್ನೊಂದು ಫಿಲ್ಟರ್ ಜೋಡಿಸಿದೆ. ಚುಕ್ಕಿ ಇರುವ ಸಾಲನ್ನೇ ಇಡಿಯಾಗಿ ಬಿಟ್ಟುಬಿಡುವುದು. ಒಂದರಿಂದ ಹೊರಬಂದದ್ದು ಇನ್ನೊಂದಕ್ಕೆ ಹೋಗುತ್ತದೆ, ಸರಪಳಿಯ ಹಾಗೆ. ನಂಜಮ್ಮ ಅಂಗಳದಲ್ಲಿ ನಾಚಿಕೊಂಡು ಹೇಳಿದ ಮಾತುಗಳನ್ನೇ ಹಾಕಿ ಪರೀಕ್ಷೆ ಮಾಡಿದೆ. ಎರಡೂ ಚೆನ್ನಾಗಿ ಕೆಲಸ ಮಾಡಿದವು. ನೆಮ್ಮದಿಯಾಗಿ ಕಾಫಿ ಕುಡಿದೆ.

ಎಡವಟ್ಟಾಗಿದ್ದು ಎಲ್ಲಿ ಎಂದರೆ, ನಂಜಮ್ಮನ ಬಾಯಲ್ಲಿ ಬೈಗುಳವಿಲ್ಲದ ಸಾಲು ಒಂದೂ ಇರಲಿಲ್ಲ. ಮೊದಲನೆಯ ಜರಡಿ ಅವಳ ಪ್ರತಿ ಸಾಲಿಗೂ ಚುಕ್ಕಿ ಇಟ್ಟಿತು, ಎರಡನೆಯದು ಚುಕ್ಕಿಯಿದ್ದ ಪ್ರತಿ ಸಾಲನ್ನೂ ಬಿಟ್ಟಿತು. ನಂಜಮ್ಮ ಪುಟದಿಂದ ಪೂರಾ ಮಾಯವಾದಳು. ಉಳಿದದ್ದು ಮರಿಯಣ್ಣನ "ಹೂಂ," ಕುಸುಮಳ "ಬಂದೆ," ಮತ್ತೆ ಮರಿಯಣ್ಣನ "ಹೂಂ."

ನಮ್ಮ ಊರಿನವರು ಕಣ್ಣಿಗಿಂತ ಪುಟವನ್ನೇ ಹೆಚ್ಚು ನಂಬುವವರು. ಪುಟದಲ್ಲಿ ಇಲ್ಲದವರು ಮನೆಯಲ್ಲಿ ಇಲ್ಲ. ಎರಡು ದಿನ ನೋಡಿದರು, ಮೂರನೆಯ ದಿನ ನಂಜಮ್ಮ ಮುನಿಸಿಕೊಂಡು ಮನೆ ಬಿಟ್ಟಿದ್ದಾಳೆ ಎಂದು ತೀರ್ಮಾನ ಮಾಡಿದರು. ಪಕ್ಕದ ಮನೆಯವರು ಮರಿಯಣ್ಣನಿಗೆ ಹುಳಿ ತಂದುಕೊಟ್ಟು ಸಮಾಧಾನ ಹೇಳಿದರು. ಪಾತ್ರೆ ಈಸಿಕೊಂಡವಳು ನಂಜಮ್ಮನೇ, ಆದರೂ ಅವರು ಅವಳ ಕಡೆ ನೋಡಲಿಲ್ಲ. ಸೊಪ್ಪು ಮಾರುವವಳು ಬಾಗಿಲಲ್ಲಿ ನಂಜಮ್ಮನನ್ನು ಕಂಡು, "ಅಯ್ಯೋ ಅಕ್ಕಾ, ಯಾವಾಗ ವಾಪಸ್ ಬಂದ್ರಿ?" ಎಂದಳು. ನಂಜಮ್ಮ ಕೊಟ್ಟ ಉತ್ತರ ಹೊಸ್ತಿಲ ಒಳಗೆ ನಿಂತು ಕೊಟ್ಟದ್ದಾದ್ದರಿಂದ ಅದನ್ನೂ ಜರಡಿ ನುಂಗಿತು, ಪುಟದಲ್ಲಿ ಕಾಣಲಿಲ್ಲ. ಇದೆಲ್ಲ ಹೋಗಲಿ, ಒಬ್ಬ ಮದುವೆ ದಲ್ಲಾಳಿ ಮರಿಯಣ್ಣನ ಅಂಗಡಿಗೆ ಬಂದು, ಇನ್ನೊಂದು ಸಂಬಂಧವಿದೆ, ಹೆಣ್ಣು ಮಾತು ಕಡಿಮೆ, ನೋಡುತ್ತೀರಾ ಎಂದು ಕೇಳಿದ. ಮರಿಯಣ್ಣ ಏನೋ ಯೋಚನೆಯಲ್ಲಿ ಹೂಂ ಎಂದುಬಿಟ್ಟನಂತೆ.

ನಾನು ಆ ವಾರ ಪುರಸಭೆಯ ಕೆಲಸದಲ್ಲಿ ಮುಳುಗಿದ್ದೆ. ನನಗೆ ಸುದ್ದಿ ತಂದವಳು ಕುಸುಮ. ಕಮಲಾಕ್ಷಮ್ಮ ತಾವೇ ಮನೆಗೆ ಬರುತ್ತಿದ್ದಾರೆ, ನೀವೂ ಬಂದು ಕೂರಿ ಎಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಕಮಲಾಕ್ಷಮ್ಮ ತೆಳ್ಳನೆಯ ಹೆಂಗಸು, ಬಿಳಿಯ ಕೂದಲನ್ನು ಬಿಗಿದು ಗಂಟು ಹಾಕಿದ್ದರು. ಒಳಗೆ ಕರೆದರೂ ಬರದೆ ಅಂಗಳದಲ್ಲೇ ನಿಂತರು. ನಂಜಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

"ನೀವು ಇದೀರಾ?"

"ಇದೀನಿ," ಎಂದಳು ನಂಜಮ್ಮ. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಪುಟದಲ್ಲಿ ಇಲ್ಲ. ನೀವು ಮನೆ ಬಿಟ್ಟು ಹೋಗಿದೀರ ಅಂತ ಎಲ್ಲಾ ಹೇಳ್ತಾರೆ. ಹೋಗಿಲ್ಲ ಅಂದ್ರೆ ಜರಡಿ ಹಾಕಿಸಿದೀರ ಅಂತಾಯ್ತು." ಆಮೇಲೆ ನನ್ನ ಕಡೆ ತಿರುಗಿದರು. "ನೀವೇ ಅಲ್ವಾ ಹಾಕಿದ್ದು?"

"ನಾನೇ," ಎಂದೆ. "ಎರಡು ಫಿಲ್ಟರ್ ಒಂದರ ಬೆನ್ನಿಗೆ ಒಂದು ಹಾಕಿದ್ದು ಜಾಸ್ತಿ ಆಯ್ತು. ಒಂದು ಗಂಟೆ ಕೊಡಿ, ಸರಿಮಾಡ್ತೀನಿ. ಬೈಗುಳ ಮಾತ್ರ ಹೋಗಿ ಬಾಕಿ ಮಾತು ಉಳಿಯೋ ಹಾಗೆ..."

"ಬೇಡ." ಅವರು ಧ್ವನಿ ಏರಿಸಲಿಲ್ಲ. "ನನ್ನ ತಂಗೀನ, ಅಂದ್ರೆ ಧನಂಜಯನ ತಾಯೀನ, ಒಂದು ಚೊಕ್ಕ ಪುಟ ನೋಡೇ ಕೊಟ್ವಿ. ಇಡೀ ಹದಿನೈದು ದಿನ ಓದಿದ್ವಿ, ಒಂದು ಜೋರು ಮಾತು ಇರ್ಲಿಲ್ಲ. ಯಾಕೆ ಚೊಕ್ಕ ಅಂತ ಅವಳು ಅಲ್ಲಿ ಹೋದ ಮೇಲೆ ಗೊತ್ತಾಯ್ತು. ಅವಳು ಅತ್ತಿದ್ದೂ ಆ ಪುಟದಲ್ಲಿ ಬರ್ತಿರ್ಲಿಲ್ಲ. ಕಡೆಗೆ ಮಗೂನ ಎತ್ಕೊಂಡು ಬಂದೋಳು ನಾನು, ಅವಳನ್ನ ಕರ್ಕೊಂಡು ಬರಕ್ಕಾಗ್ಲಿಲ್ಲ." ಮತ್ತೆ ನಂಜಮ್ಮನ ಕಡೆ ತಿರುಗಿದರು. "ನೀವು ಬೈತೀರೋ ಹೊಡಿತೀರೋ ನಂಗೆ ಗೊತ್ತಾಗ್ಬೇಕು ನಂಜಮ್ಮ. ಜರಡಿ ತೆಗೆಸಿ. ಹುಣ್ಣಿಮೆ ಒಳಗೆ ನಿಮ್ಮ ಬಾಯಿಂದ ಬಂದದ್ದನ್ನ ಬಂದ ಹಾಗೇ ನಾನು ಓದ್ಬೇಕು. ಇಲ್ದೇ ಇದ್ರೆ ಈ ಸಂಬಂಧ ಬೇಡ. ಹುಡುಗಿ ಮೇಲೆ ನಂಗೇನೂ ಬೇಜಾರಿಲ್ಲ."

ಅವರು ಹೋದ ಮೇಲೆ ನಾನು ಅಲ್ಲೇ ಕೂತು ಎರಡೂ ಫಿಲ್ಟರನ್ನು ಕಳಚಿ ಹಾಕಿದೆ. ಕಸುಬಿನವಳಿಗೆ ಇದು ಅವಮಾನವೇ, ಆದರೆ ಆ ಹೆಂಗಸಿನ ಮೇಲೆ ಸಿಟ್ಟು ಬರಲಿಲ್ಲ. ಅವರ ತಂಗಿಯ ಗಂಡನ ಮನೆಗೆ ಜರಡಿ ಬರೆದುಕೊಟ್ಟವರು ಯಾರಿರಬಹುದು ಎಂದು ಯೋಚಿಸಿದೆ. ನಾನಲ್ಲ, ನಾನು ಈ ಕಸುಬಿಗೆ ಬರುವ ಮೊದಲಿನದು. ಆದರೂ ಅವರ ಕೈಯೂ ನನ್ನ ಹಾಗೇ ಚುರುಕಾಗಿ ಓಡಿರಬೇಕು, ಪರೀಕ್ಷೆ ಮಾಡಿ ಕಾಫಿ ಕುಡಿದಿರಬೇಕು.

"ತೆಗೆದಿದೀನಿ ನಂಜಕ್ಕ. ಇನ್ನು ನೀನು ಎಂದಿನಂತೆ ಇರು," ಎಂದೆ. ನಂಜಮ್ಮ ತಲೆಯಾಡಿಸಿದಳು.

ಎಂದಿನಂತೆ ಇರುವುದು ಎಷ್ಟು ಕಷ್ಟವೆಂಬುದು ಆಗ ಗೊತ್ತಾಯಿತು. ಮಾರನೆಯ ದಿನ ಪುಟದಲ್ಲಿ ನಂಜಮ್ಮ ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಫಿಲ್ಟರಿನ ಚೂರು ಎಲ್ಲಾದರೂ ಉಳಿದಿದೆಯೋ ಎಂದು ನಾನು ಹುಡುಕಿದ್ದೇ ಹುಡುಕಿದ್ದು. ಏನೂ ಇರಲಿಲ್ಲ. ನಂಜಮ್ಮ ನಿಜಕ್ಕೂ ಮಾತಾಡುತ್ತಿರಲಿಲ್ಲ. ಬೈಗುಳ ಬಾಯಿಗೆ ಬಂದರೆ ಹಿತ್ತಲಿಗೆ ಓಡಿ ಬಟ್ಟೆ ಒಗೆಯುವ ಕಲ್ಲಿಗೆ ಬೈದು ಒಳಗೆ ಬರುತ್ತಾಳೆ ಎಂದು ಕುಸುಮ ಹೇಳಿದಳು. ಒಳಗೆ ಕೈಸನ್ನೆ, ಕಣ್ಸನ್ನೆ. ಬೆಕ್ಕು ಹಾಲಿಗೆ ಬಾಯಿ ಹಾಕಿದರೂ ಚಪ್ಪಾಳೆ ತಟ್ಟಿ ಓಡಿಸುತ್ತಾಳಂತೆ. ಊರಿನವರು ಈಗ, ಹೋದವಳು ಬರಲೇ ಇಲ್ಲ ಎಂದು ಲೊಚಗುಟ್ಟುತ್ತಿದ್ದರು.

ಹುಣ್ಣಿಮೆಗೆ ಎರಡು ದಿನವಿದ್ದಾಗ ಕುಸುಮ ಅಂಗಡಿಗೆ ರಜೆ ಹಾಕಿ ಬಂದು ನನ್ನ ಅಂಗಳದಲ್ಲಿ ಕುಸಿದು ಕೂತಳು. ಈ ಸಲ ಕಣ್ಣಲ್ಲಿ ನೀರಿತ್ತು. "ಎಷ್ಟು ಹೇಳಿದ್ರೂ ಬಾಯಿ ಬಿಡ್ತಿಲ್ಲ ಜಯಕ್ಕ. ಏನಾದ್ರೂ ಬರೀರಿ. ಅಮ್ಮನ ಹೆಸರು ಮುಂದೆ ಎರಡು ಮಾತು ಬರೋ ಹಾಗೆ ಏನಾದ್ರೂ ಮಾಡಿ."

"ಕೂಡಿಸೋ ಹಾಗಿಲ್ಲ ಕಣೇ ಕುಸುಮಾ."

"ಯಾರಿಗೆ ಗೊತ್ತಾಗುತ್ತೆ?"

"ಕಮಲಾಕ್ಷಮ್ಮನಿಗೆ ಗೊತ್ತಾಗುತ್ತೆ. ಆಯಮ್ಮ ಒಂದು ಸಲ ಸುಳ್ಳು ಪುಟಕ್ಕೆ ತಂಗೀನ ಕಳ್ಕೊಂಡಿದಾರೆ." ಹುಡುಗಿ ಮುಖ ಮುಚ್ಚಿಕೊಂಡಳು. ನನಗೂ ಕೈಕಟ್ಟಿದಂತಾಯಿತು. ಫಿಲ್ಟರ್ ಎಂಬುದು ಬಂದದ್ದನ್ನು ಸೋಸುತ್ತದೆ. ಏನೂ ಬರದಿದ್ದರೆ ಜಗತ್ತಿನ ಎಂಥ ಫಂಕ್ಷನ್ ಬರೆದರೂ ಆ ಕಡೆಯಿಂದ ಖಾಲಿಯೇ ಹೊರಬರುವುದು.

ಅವಳನ್ನು ಕಳಿಸಿ ನಾನು ಕಂಪ್ಯೂಟರಿನ ಮುಂದೆ ಕೂತೆ. ನಂಜಮ್ಮನ ಮನೆಯ ಹಳೆಯ ಮೂಲ ಮಾತುಗಳನ್ನು ಸರ್ವರಿನಿಂದ ತೆಗೆದು ಓದತೊಡಗಿದೆ. ಜರಡಿ ಬರೆಯುವಾಗ ಬೈಗುಳವನ್ನಷ್ಟೇ ನೋಡಿದ್ದೆ, ಅದರ ಹಿಂದೆ ಮುಂದೆ ಏನಿದೆ ಎಂದು ನೋಡಿರಲಿಲ್ಲ. ಈಗ ಇಡೀ ಸಾಲುಗಳನ್ನು ಓದಿದೆ. "ಹೊಟ್ಟೆಗೆ ಬೆಂಕಿ ಬೀಳ, ಬರೀ ಟೀ ಕುಡ್ಕೊಂಡು ಎಲ್ಲಿಗೆ ಓಡ್ತೀಯೇ, ಎರಡು ರೊಟ್ಟಿ ತಿನ್ಕೊಂಡು ಹೋಗು." "ನಿನ್ ಮನೆ ಕಾಯೋಗ, ಹುಷಾರಿಲ್ಲ ಅಂತ ಗಂಜಿ ಕಾಯ್ಸಿದ್ರೆ ಇಷ್ಟೇ ಇಷ್ಟು ಕುಡ್ದಿದೀಯಲ್ಲಯ್ಯಾ." ಬೆಕ್ಕಿಗೆ ಬೈದದ್ದೂ ಹಾಲು ಆರುವ ಮೊದಲೇ ಬಾಯಿ ಹಾಕಿ ಸುಟ್ಟುಕೊಂಡಿತೆಂದು. ಓದುತ್ತ ಓದುತ್ತ ನನಗೆ ನಗು ಬಂತು, ಆಮೇಲೆ ಹಸಿವಾಯಿತು. ಬೈಗುಳಕ್ಕೂ ತಟ್ಟೆಗೂ ಇಷ್ಟು ಹತ್ತಿರದ ನಂಟಿದ್ದ ಮೇಲೆ ಇನ್ನು ಯೋಚನೆ ಮಾಡುವಂಥದ್ದೇನೂ ಇರಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ನಂಜಮ್ಮನ ಮನೆಗೆ ಊಟಕ್ಕೆ ಹೋದೆ. 'ನಾನು ಸಾಕು ಎಂದ ಕೂಡಲೇ ನೀವೂ ಸಾಕು ಎನ್ನಿ' ಎಂದು ಅಪ್ಪ ಮಗಳಿಗೆ ಬಾಗಿಲ ಹೊರಗೇ ಹೇಳಿಟ್ಟಿದ್ದೆ.

ನಂಜಮ್ಮ ನನ್ನನ್ನು ಕಂಡು ಕೈಯಲ್ಲೇ ಕೂರು ಎಂದಳು. ಮುಖ ಬಾಡಿತ್ತು. ಆದರೆ ಅಡುಗೆಗೆ ಏನೂ ಆಗಿರಲಿಲ್ಲ. ಬಿಸಿ ಮುದ್ದೆ, ಅವರೆಕಾಳಿನ ಸಾರು, ಮೇಲೆ ಒಂದು ಚಮಚ ತುಪ್ಪ. ಆ ಸಾರನ್ನು ಬಿಟ್ಟೇಳುವುದು ಎಂಥ ತಪಸ್ಸು ಎಂಬುದು ಉಂಡವರಿಗೇ ಗೊತ್ತು. ಅರ್ಧ ಮುದ್ದೆ ಮುಗಿಸಿ ತಟ್ಟೆಯನ್ನು ಮುಂದಕ್ಕೆ ತಳ್ಳಿದೆ.

"ಸಾಕು ನಂಜಕ್ಕ."

ನಂಜಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಬಾಯಿ ತೆರೆದಳು, ಮುಚ್ಚಿದಳು. ಹಾಕಲೇ ಎಂದು ಸೌಟಿನಲ್ಲೇ ಕೇಳಿದಳು. ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ.

"ನಂಗೂ ಸಾಕು," ಎಂದ ಮರಿಯಣ್ಣ. ಆ ಮನುಷ್ಯನ ಬಾಯಲ್ಲಿ ಹೂಂ ಅಲ್ಲದ ಮಾತು ಕೇಳಿ ನನಗೇ ಆಶ್ಚರ್ಯವಾಯಿತು. ನಂಜಮ್ಮನ ಕುತ್ತಿಗೆಯ ನರ ಉಬ್ಬಿತು. ಹಿತ್ತಲ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು.

"ನಂಗೂ ಸಾಕಮ್ಮ," ಎಂದು ಕುಸುಮ ಎದ್ದೇಬಿಟ್ಟಳು.

"ಏನೇ ಸಾಕು!" ಸೌಟು ನೆಲಕ್ಕೆ ಬಿತ್ತು. "ಏನ್ ಸಾಕು ಅಂತ! ನಿಮ್ ಸಾಕಿಗಿಷ್ಟು ಬೆಂಕಿ ಹಾಕ! ನಾನೇನು ಕಲ್ಲು ಬೇಯ್ಸಿ ಇಟ್ಟಿದೀನಾ? ಜಯಾ, ನಿನ್ ಮನೆ ಕಾಯೋಗ, ಆ ಕಂಪ್ಯೂಟ್ರು ಮುಂದೆ ಕೂತ್ಕೊಂಡು ಒಣಗಿದ ಮೀನಾಗಿದೀಯ, ಕೋಳಿ ಮರಿ ತಿಂತದೆ ನಿಂಗಿಂತ ಜಾಸ್ತಿ. ತಗಿ ಕೈಯ, ಇಲ್ದಿದ್ರೆ ಕೈ ಮೇಲೇ ಸುರಿತೀನಿ. ಏನಯ್ಯಾ ನೀನು, ನಿನ್ ಬಾಯಿಗ್ ಮಣ್ ಬೀಳ, ಕಟ್ಕೊಂಡಾಗಿಂದ ಒಂದಿನ ಸಾಕು ಅಂದೋನಲ್ಲ, ಇವತ್ತೇನ್ ಬಂತು ರೋಗ? ಕೂತ್ಕೊಳೇ ಕುಸುಮಿ, ಹಾಳಾದೋಳೆ, ಕೂತ್ಕೋ! ಇಲ್ಲಾದ್ರೆ ನಾನಿದೀನಿ, ರೆಟ್ಟೆ ಹಿಡ್ದು ಕೂರಿಸ್ತೀನಿ. ನಾಳೆ ಆ ಮನೇಲಿ ಯಾರೇ ಕೂರಿಸ್ತಾರೆ ನಿನ್ನ? ನಾಚ್ಕೊಂಡು ಸಾಕು ಸಾಕು ಅಂತೀಯ, ಅವ್ರು ಪಾಪ ನಿಜ ಅಂದ್ಕೊಂಡು ಪಾತ್ರೆ ಮುಚ್ಚಿಡ್ತಾರೆ. ನೀನು ಅರ್ಧ ಹೊಟ್ಟೇಲಿ ಮಲಗಿದ್ರೆ ನಂಗಿಲ್ಲಿ ನಿದ್ದೆ ಬರ್ತದೇನೇ?"

ಅವಳು ಉಸಿರು ತೆಗೆದುಕೊಂಡಳು.

"ಆ ಪುಟಕ್ಕೆ ಹೆದರ್ಕೊಂಡು ಬಾಯಿ ಮುಚ್ಕೊಂಡಿದೀನಿ ಅಂದ್ಕೊಂಡ್ರಾ? ಅಲ್ಲ ಕಣೇ. ಬಾಯಿ ತೆಗೆದ್ರೆ ಇದೇ ಬರ್ತಿತ್ತು. ನೀನು ಹೋದ್ಮೇಲೆ ಈ ಮನೇಲಿ ನಾನು ಯಾರಿಗೆ ಬೈಲೇ? ನಿಮ್ಮಪ್ಪಂಗೆ ಬೈದ್ರೆ ಹೂಂ ಅಂತಾನೆ. ತಿರುಗ್ಸಿ ಮಾತಾಡ್ತಿದ್ದೋಳು ನೀನೊಬ್ಳೇ ಕಣೇ ಮುಂಡೇದೆ. ಯಾರಿಗೆ ಬೈಲಿ ನಾನು?"

ಹೀಗೆಂದವಳೇ ಒಲೆಯ ಪಕ್ಕ ಕುಸಿದು ಗೊಳೋ ಎಂದು ಅತ್ತಳು. ಕುಸುಮ ಓಡಿ ಹೋಗಿ ಅವಳನ್ನು ಅಪ್ಪಿಕೊಂಡಳು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ. ಮರಿಯಣ್ಣ ಎದ್ದು, ಬಿದ್ದಿದ್ದ ಸೌಟನ್ನು ತೊಳೆದು ತಂದು, ತಾನೇ ನನ್ನ ತಟ್ಟೆಗೆ ಸಾರು ಬಡಿಸಿದ. ಇನ್ನೊಂದೂವರೆ ಮುದ್ದೆ ಉಂಡು ಮನೆಗೆ ಬಂದೆ.

ಮಾರನೆಯ ದಿನ ಹುಣ್ಣಿಮೆ. ಬೆಳಕು ಹರಿಯುವ ಮೊದಲೇ ಟೀ ಅಂಗಡಿಯಲ್ಲಿ ಜನ ಸೇರಿದ್ದರು. ನಂಜಮ್ಮ ವಾಪಸ್ ಬಂದಿದ್ದಾಳೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸಂಭ್ರಮಪಟ್ಟರು. ಆ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದವನು ಕೊನೆಯ ಸಾಲುಗಳಿಗೆ ಬರುವಾಗ ಫೋನನ್ನು ಪಕ್ಕದವನ ಕೈಗೆ ಕೊಟ್ಟ, ಅವನು ಮುಗಿಸಿಕೊಟ್ಟ. ನಾನು ಒಂದು ಚುಕ್ಕಿಯನ್ನೂ ಇಟ್ಟಿರಲಿಲ್ಲ.

ಇನ್ನು ಕಮಲಾಕ್ಷಮ್ಮನ ಉತ್ತರ. ಅದು ಮರುದಿನವೇ ಬರಬೇಕು. ಅಲ್ಲಿಯವರೆಗೆ ಕುಸುಮ ಅಂಗಡಿಗೆ ಹೋಗಿ ಜನರ ಕಣ್ಣು ಪರೀಕ್ಷೆ ಮಾಡಿದಳು. ಹತ್ತಿರದ ಅಕ್ಷರ ಯಾವುದು ದೂರದ್ದು ಯಾವುದು ಎಂದು ತಾನೇ ಮರೆತು ಗಿರಾಕಿಗಳನ್ನು ಕೇಳಿದಳಂತೆ. ಮರುದಿನ ಬೆಳಿಗ್ಗೆ ನಾನು ಎದ್ದವಳೇ ಕಮಲಾಕ್ಷಮ್ಮನ ಮನೆಯ ಪುಟ ತೆಗೆದೆ. ಆ ಪುಟಕ್ಕೆ ಎಂದೂ ಜರಡಿ ಹಾಕಿದ್ದಿಲ್ಲ, ಅವರು ಆಡುವುದೇ ಅಷ್ಟು. ಎಂದಿನ ಹಾಗೆ ಊಟಕ್ಕೆ ಬಾ, ಬಂದೆ. ಕೆಳಗೆ ಇಷ್ಟಿತ್ತು.

ಧನಂಜಯ: ದೊಡ್ಡಮ್ಮ, ಓದಿದ್ರಾ?

ಕಮಲಾಕ್ಷಮ್ಮ: ಓದ್ದೆ.

ಧನಂಜಯ: ಏನಂತೀರಾ?

ಕಮಲಾಕ್ಷಮ್ಮ: ಏನನ್ನೋದು, ಕರ್ಕೊಂಡು ಬಾ ಹುಡುಗೀನ. ಆಯಮ್ಮನಿಗೆ ಹೇಳು, ಬೈಯಕ್ಕೆ ಯಾರೂ ಇಲ್ಲ ಅನ್ನಿಸ್ದಾಗ ನಮ್ಮನೆಗೆ ಬರ್ಲಿ.

ಧನಂಜಯ: ನನ್ನ ಬೈಯಕ್ಕಾ?

ಕಮಲಾಕ್ಷಮ್ಮ: ನಿನ್ನೂ ಬೈಲಿ, ನನ್ನೂ ಬೈಲಿ. ನಂಗೆ ಯಾರಾದ್ರೂ ಬೈದು ಇನ್ನೊಂದ್ ತುತ್ತು ಹಾಕಿ ಎಷ್ಟ್ ವರ್ಷ ಆಯ್ತೋ. ನನ್ ತಂಗಿ ಇದ್ದಾಗ ಹಾಕ್ತಿದ್ಲು.

ಫೋನನ್ನು ಹಿಡಿದುಕೊಂಡೇ ನಂಜಮ್ಮನ ಮನೆಗೆ ಓಡಿದೆ. ಅವಳು ಒಲೆಯ ಮುಂದಿದ್ದಳು, ಮುದ್ದೆಗೆ ಎಸರಿಟ್ಟಿದ್ದಳು. ಕುಸುಮ ಆಗಲೇ ಓದಿಯಾಗಿತ್ತೆಂದು ಅವಳ ಮುಖವೇ ಹೇಳುತ್ತಿತ್ತು. ಆದರೆ ತಾಯಿಗೆ ಇನ್ನೂ ಹೇಳಿರಲಿಲ್ಲ. ನಾನೇ ಒಂದೊಂದು ಸಾಲನ್ನೂ ಓದಿ ಹೇಳಿದೆ. ನಂಜಮ್ಮ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದಳು.

"ಅಯ್ಯೋ ಆಯಮ್ಮನ ಮನೆ ಕಾಯೋಗ!" ಎಂದಳು. "ಇಷ್ಟ್ ವರ್ಷದಿಂದ ಸರಿಯಾಗಿ ಉಂಡೇ ಇಲ್ವಾ?" ಕಣ್ಣೊರೆಸಿಕೊಂಡು, ಕುದಿಯುತ್ತಿದ್ದ ಎಸರಿಗೆ ಇನ್ನೊಂದು ಚೊಂಬು ನೀರು ಸುರಿದಳು. "ಹೋಗೇ ಕುಸುಮಿ, ಓಡು. ಮುದ್ದೆ ಆರೋ ಮುಂಚೆ ಆಯಮ್ಮನ್ನ ಕರ್ಕೊಂಡ್ ಬಾ."